ಕೊಕಾನಿ ಮೀನು ಮತ್ತು ಜಲಾಶಯದ ಲೆಕ್ಕ

ಅಣೆಕಟ್ಟು ಕಟ್ಟುವುದು ನೀರಾವರಿಗೆ, ವಿದ್ಯುತ್ತಿಗೆ, ಪ್ರವಾಹ ತಡೆಯುವುದಕ್ಕೆ. ಮೀನು ಆಮೇಲಿನ ಮಾತು. ಆದರೆ ಹೊಳೆಗೆ ಅಡ್ಡಗೋಡೆ ಎದ್ದ ದಿನದಿಂದ ಅಲ್ಲಿಯ ನೀರಿನ ಸ್ವಭಾವವೇ ಬದಲಾಗುತ್ತದೆ. ಹರಿಯುವ ನೀರು ನಿಲ್ಲುತ್ತದೆ, ಆಳ ಹೆಚ್ಚುತ್ತದೆ, ತಳ ತಣ್ಣಗಾಗುತ್ತದೆ. ಹರಿವಿಗೆ ಒಗ್ಗಿದ ಮೀನು ಕ್ಷೀಣಿಸುತ್ತದೆ. ನಿಂತ ನೀರಿಗೆ ಒಗ್ಗುವ ಮೀನನ್ನು ಮನುಷ್ಯ ತಂದು ಬಿಡುತ್ತಾನೆ. ಬಿಡುವುದು ಸುಲಭ. ಬಿಟ್ಟದ್ದನ್ನು ಉಳಿಸಿಕೊಳ್ಳುವುದು ಮಾತ್ರ ಬಿತ್ತಿದ ಬೆಳೆಯನ್ನು ಮನೆಗೆ ತಂದಷ್ಟೇ ಕಷ್ಟದ ಕೆಲಸ.

ಅಮೆರಿಕದ ಪಶ್ಚಿಮ ಭಾಗದ ದೊಡ್ಡ ಜಲಾಶಯಗಳಲ್ಲಿ ಕೊಕಾನಿ ಸಾಲ್ಮನ್ ಮತ್ತು ಟ್ರೌಟ್ ಮೀನುಗಳನ್ನು ಗಾಳದಿಂದ ಹಿಡಿಯುವ ಕ್ರಮ ಬಹಳ ಪ್ರಸಿದ್ಧವಾದುದು. ನೋಡುವವರಿಗೆ ಅದೊಂದು ವಿನೋದ. ಒಳಹೊಕ್ಕು ನೋಡಿದರೆ ಅದರಲ್ಲಿ ನೀರಿನ ಶಾಸ್ತ್ರವೂ ಇದೆ, ಕೆರೆ ಹೊಳೆಗಳಿಗೆ ಮೀನುಮರಿ ಬಿಡುವವರೆಲ್ಲ ತಿಳಿಯಬೇಕಾದ ಪಾಠವೂ ಇದೆ. ಫ್ಲೇಮಿಂಗ್ ಗಾರ್ಜ್ ಎಂಬ ಒಂದು ಜಲಾಶಯವನ್ನು ಉದಾಹರಣೆಯಾಗಿ ತೆಗೆದುಕೊಂಡು ಇದನ್ನು ನೋಡೋಣ.

ಜಲಾಶಯದ ಪರಿಚಯ

ಗ್ರೀನ್ ನದಿ ಕೊಲರಾಡೊ ನದಿಯ ದೊಡ್ಡ ಉಪನದಿ. ಯೂಟಾ ರಾಜ್ಯದಲ್ಲಿ ಈ ನದಿಗೆ 502 ಅಡಿ ಎತ್ತರದ ಕಾಂಕ್ರೀಟ್ ಅಣೆಕಟ್ಟನ್ನು ಕಟ್ಟಿ 1964ರಲ್ಲಿ ಮುಗಿಸಲಾಯಿತು. ಹಿನ್ನೀರು ವಯೋಮಿಂಗ್ ರಾಜ್ಯದೊಳಕ್ಕೂ ಸೇರಿ 91 ಮೈಲಿ ಉದ್ದಕ್ಕೆ ಚಾಚಿದೆ. ತುಂಬಿದಾಗ ನೀರಿನ ಹರವು ಸುಮಾರು 42,000 ಎಕರೆ; ಸಂಗ್ರಹ ನಮ್ಮ ಲೆಕ್ಕದಲ್ಲಿ ಸುಮಾರು 165 ಟಿ.ಎಂ.ಸಿ. ಅಡಿ. ಅಂದರೆ ಲಿಂಗನಮಕ್ಕಿಗಿಂತ ಸ್ವಲ್ಪ ಹೆಚ್ಚು, ಕೃಷ್ಣರಾಜಸಾಗರದ ಮೂರು ಪಟ್ಟಿಗೂ ಮಿಕ್ಕು. ಸಮುದ್ರಮಟ್ಟದಿಂದ ಆರು ಸಾವಿರ ಅಡಿ ಎತ್ತರದಲ್ಲಿರುವುದರಿಂದ ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಬೇಸಿಗೆಯಲ್ಲೂ ಆಳದ ನೀರು ಕೊರೆಯುವಷ್ಟು ತಣ್ಣಗಿರುತ್ತದೆ.

ಇಂಥ ತಣ್ಣೀರು ಟ್ರೌಟ್ ಮತ್ತು ಸಾಲ್ಮನ್ ಜಾತಿಗಳಿಗೆ ಹೇಳಿಮಾಡಿಸಿದ್ದು. ಆದರೆ ಅವುಗಳಿಗೆ ಜಾಗ ಮಾಡಿಕೊಟ್ಟ ರೀತಿ ಮಾತ್ರ ಹೆಮ್ಮೆಪಡುವಂಥದಲ್ಲ.

ಹೊಳೆಗೆ ವಿಷ

ಗ್ರೀನ್ ನದಿಯಲ್ಲಿ ಮೊದಲು ಇದ್ದವು ಕೆಸರು ನೀರಿಗೆ, ಬೇಸಿಗೆಯ ಬಿಸಿಗೆ, ವಸಂತದ ಪ್ರವಾಹಕ್ಕೆ ಒಗ್ಗಿದ ಸ್ಥಳೀಯ ಮೀನುಗಳು. ಕೊಲರಾಡೊ ಪೈಕ್‌ಮಿನ್ನೋ, ರೇಜರ್‌ಬ್ಯಾಕ್ ಸಕ್ಕರ್, ಬೋನಿಟೇಲ್, ಹಂಪ್‌ಬ್ಯಾಕ್ ಚಬ್ ಇವು ಮುಖ್ಯವಾದವು. ಪೈಕ್‌ಮಿನ್ನೋ ಹಿಂದೆ ಆರು ಅಡಿ ಉದ್ದ ಬೆಳೆಯುತ್ತಿತ್ತು. ಗಾಳದವರಿಗೆ ಇವು ಬೇಕಾಗಿರಲಿಲ್ಲ. ಹೊಲದಲ್ಲಿ ಕಳೆ ಇದ್ದಂತೆ ಹೊಳೆಯಲ್ಲಿ ಇವು ಎಂಬುದು ಆಗಿನ ತಿಳಿವಳಿಕೆ.

ಆದ್ದರಿಂದ ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವ ಮೊದಲು, 1962ರ ಸೆಪ್ಟೆಂಬರ್‌ನಲ್ಲಿ, ನದಿ ಮತ್ತು ಉಪನದಿಗಳ ನೂರಾರು ಮೈಲಿ ಉದ್ದಕ್ಕೆ ರೋಟಿನೋನ್ ಸುರಿಯಲಾಯಿತು. ಡೆರಿಸ್ ಜಾತಿಯ ಬೇರಿನಿಂದ ತೆಗೆಯುವ ಈ ವಸ್ತು ಹಳೆಯ ರೈತರಿಗೆ ಕೀಟನಾಶಕವಾಗಿ ಗೊತ್ತಿರಬಹುದು. ಮೀನಿನ ಕಿವಿರುಗಳ ಮೂಲಕ ಒಳಹೊಕ್ಕು ಅದು ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿಯನ್ನೇ ತಡೆಯುತ್ತದೆ. ನಮ್ಮ ಮಲೆನಾಡಿನ ಹಳ್ಳಗಳಲ್ಲಿ ಕಾಯಿ, ತೊಗಟೆ ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುತ್ತಿದ್ದುದೂ ಇದೇ ಬಗೆಯ ಕೆಲಸವೇ. ಅಲ್ಲಿ ಮಡುವಿನ ಬದಲು ಇಡೀ ನದಿ.

ಅಣೆಕಟ್ಟಿನ ಕೆಳಗಡೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿ ವಿಷವನ್ನು ನಿರ್ವೀರ್ಯಗೊಳಿಸುವ ಯೋಜನೆ ಇತ್ತು. ಅದು ಪೂರ್ತಿ ಕೈಗೂಡಲಿಲ್ಲ. ವಿಷ ಕೆಳಗೆ ಡೈನೋಸಾರ್ ರಾಷ್ಟ್ರೀಯ ಸ್ಮಾರಕ ಪ್ರದೇಶದೊಳಕ್ಕೂ ಹರಿದು ಅಲ್ಲಿಯ ಮೀನುಗಳನ್ನೂ ಕೊಂದಿತು. ಇದರಿಂದ ಎದ್ದ ಕೂಗು ಸ್ಥಳೀಯ ಜೀವಿಗಳನ್ನು ಉಳಿಸಬೇಕೆಂಬ ವಿಚಾರಕ್ಕೆ ಆ ದೇಶದಲ್ಲಿ ಬಲ ಕೊಟ್ಟಿತು. ಅಪಾಯದಲ್ಲಿರುವ ಜೀವಿಗಳ ರಕ್ಷಣಾ ಕಾಯಿದೆ ಬಂದದ್ದು 1973ರಲ್ಲಿ. ಮೇಲೆ ಹೇಳಿದ ನಾಲ್ಕು ಮೀನುಗಳನ್ನೂ ಆ ಕಾಯಿದೆಯ ಪಟ್ಟಿಗೆ ಸೇರಿಸಬೇಕಾಯಿತು. ಒಂದು ಕಾಲಕ್ಕೆ ವಿಷ ಹಾಕಿ ಕೊಂದ ಮೀನುಗಳನ್ನು ಉಳಿಸಲು 1988ರಿಂದ ವಿಶೇಷ ಕಾರ್ಯಕ್ರಮವನ್ನೇ ನಡೆಸಲಾಗುತ್ತಿದೆ. ಅವುಗಳಿಗೆ ಅನುಕೂಲವಾಗುವಂತೆ ಅಣೆಕಟ್ಟಿನಿಂದ ನೀರು ಬಿಡುವ ಕ್ರಮವನ್ನೂ ಬದಲಿಸಲಾಗಿದೆ.

ಕೊಕಾನಿ ಎಂಬ ಮೀನು

ಹೀಗೆ ತೆರವಾದ ನೀರಿಗೆ 1960ರ ದಶಕದಲ್ಲಿ ರೇನ್‌ಬೋ ಟ್ರೌಟ್ ಮರಿಗಳನ್ನೂ ಕೊಕಾನಿ ಮರಿಗಳನ್ನೂ ಬಿಡಲಾಯಿತು.

ಪೆಸಿಫಿಕ್ ಸಾಗರದಲ್ಲಿ ಸಾಕೈ ಸಾಲ್ಮನ್ ಎಂಬ ಮೀನಿದೆ. ಅದು ಸಿಹಿನೀರಿನಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹುಟ್ಟಿದ ಹೊಳೆಗೇ ಬರುತ್ತದೆ. ಇದೇ ಜಾತಿಯಲ್ಲಿ ಸಮುದ್ರಕ್ಕೆ ಹೋಗದೆ ಸರೋವರದಲ್ಲಿಯೇ ಬಾಳು ಮುಗಿಸುವ ಬಗೆಯೇ ಕೊಕಾನಿ. ಸಾಮಾನ್ಯವಾಗಿ ಅರ್ಧ ಕಿಲೋದಿಂದ ಒಂದೂವರೆ ಕಿಲೋ ತೂಗುತ್ತದೆ. ಮೈ ಬೆಳ್ಳಿಯ ಬಣ್ಣ, ಮಾಂಸ ಕೆಂಪು, ರುಚಿಯಲ್ಲಿ ಸಾಕೈಗೆ ಕಡಿಮೆಯಿಲ್ಲ.

ಕೊಕಾನಿಯ ಆಯುಷ್ಯ ಸುಮಾರು ಮೂರರಿಂದ ನಾಲ್ಕು ವರ್ಷ. ಕೊನೆಯ ಬೇಸಿಗೆ ಕಳೆದು ಸೆಪ್ಟೆಂಬರ್ ಬರುವಾಗ ಬೆಳ್ಳಿಯ ಮೈ ಕಡುಗೆಂಪಾಗುತ್ತದೆ, ತಲೆ ಹಸಿರಾಗುತ್ತದೆ, ಗಂಡಿನ ಮೂತಿ ಕೊಕ್ಕೆಯಂತೆ ಬಾಗುತ್ತದೆ. ತೊರೆಗಳಿಗೆ ಏರಿ ಅಥವಾ ದಡದ ಗರಸಿನಲ್ಲಿ ಮೊಟ್ಟೆಯಿಟ್ಟು ಎಲ್ಲವೂ ಸಾಯುತ್ತವೆ. ಫ್ಲೇಮಿಂಗ್ ಗಾರ್ಜ್‌ಗೆ ಸೇರುವ ಶೀಪ್ ಕ್ರೀಕ್ ತೊರೆಯಲ್ಲಿ ಈ ಕೆಂಪು ಮೀನುಗಳ ಸಾಲನ್ನು ನೋಡಲು ಜನ ಸೇರುತ್ತಾರೆ. ಪಶ್ಚಿಮದ ರಾಜ್ಯಗಳ ಮೀನುಗಾರಿಕೆ ಇಲಾಖೆಗಳು ಇಂಥ ತೊರೆಗಳಲ್ಲಿ ಮೊಟ್ಟೆ ಸಂಗ್ರಹಿಸಿ, ಮರಿಮಾಡಿ, ಜಲಾಶಯಗಳಿಗೆ ಬಿಡುತ್ತವೆ. ಒಂದೇ ಸಲ ಮೊಟ್ಟೆಯಿಡುವ ಮೀನಾದ್ದರಿಂದ ಒಂದು ವರ್ಷದ ಮರಿ ಕೈತಪ್ಪಿದರೆ ಮೂರು ವರ್ಷದ ಮೇಲೆ ಅದರ ಕೊರತೆ ಕಾಣಿಸುತ್ತದೆ.

ಇನ್ನೊಂದು ವಿಶೇಷವನ್ನು ಗಮನಿಸಬೇಕು. ಕೊಕಾನಿ ಇತರ ಮೀನುಗಳನ್ನು ತಿನ್ನುವುದಿಲ್ಲ. ಅದರ ಮುಖ್ಯ ಆಹಾರ ಡ್ಯಾಫ್ನಿಯ ಮೊದಲಾದ ನೀರುಚಿಗಟಗಳು, ಅಂದರೆ ಕಣ್ಣಿಗೆ ಚುಕ್ಕೆಯಂತೆ ಕಾಣುವ ಜೀವಿಗಳು. ಇಂಥ ಮೀನು ಗಾಳವನ್ನು ಕಚ್ಚುವುದಾದರೂ ಹೇಗೆ? ಅದು ಹಸಿವಿನಿಂದ ಕಚ್ಚುವುದಲ್ಲ. ಎದುರಿಗೆ ಹೊಳೆಯುತ್ತ ಅಲುಗಾಡುವ ವಸ್ತುವನ್ನು ಕಂಡು ರೇಗಿ ಕಚ್ಚುತ್ತದೆ ಎಂಬುದು ಅನುಭವಸ್ಥರ ಅಭಿಪ್ರಾಯ. ಟ್ರೋಲಿಂಗ್‌ನ ಸಾಮಗ್ರಿಯೆಲ್ಲ ರೂಪುಗೊಂಡಿರುವುದು ಈ ಅಭಿಪ್ರಾಯದ ಮೇಲೆ.

ಆಳ ಕಂಡರೆ ಅರ್ಧ ಕೆಲಸ

ಮಲ್ಪೆ, ಮಂಗಳೂರು ಕಡೆಯ ಓದುಗರಿಗೆ ಟ್ರಾಲ್ ಬೋಟು ಗೊತ್ತು. ಅದು ಸಮುದ್ರದಲ್ಲಿ ಬಲೆ ಎಳೆಯುವ ಕ್ರಮ. ಇಲ್ಲಿ ಹೇಳುವ ಟ್ರೋಲಿಂಗ್ ಬೇರೆ. ದೋಣಿಯನ್ನು ನಿಧಾನವಾಗಿ ನಡೆಸುತ್ತ ಅದರ ಹಿಂದೆ ಗಾಳದ ದಾರವನ್ನು ಎಳೆದುಕೊಂಡು ಹೋಗುವುದೇ ಟ್ರೋಲಿಂಗ್. ಇದರಲ್ಲಿ ಬಲೆಯಿಲ್ಲ, ಒಂದು ಗಾಳಕ್ಕೆ ಒಂದೇ ಮೀನು.

ಬೇಸಿಗೆಯಲ್ಲಿ ಆಳವಾದ ಜಲಾಶಯದ ನೀರು ಮೂರು ಪದರವಾಗುತ್ತದೆ. ಮೇಲಿನ ಪದರ ಬಿಸಿಲಿಗೆ ಕಾದು ಹಗುರಾಗಿ ಮೇಲೆಯೇ ನಿಲ್ಲುತ್ತದೆ. ಕೆಳಗಿನದು ತಣ್ಣಗೆ, ಭಾರವಾಗಿ ತಳ ಹಿಡಿಯುತ್ತದೆ. ನಡುವೆ ಕೆಲವೇ ಅಡಿಗಳಲ್ಲಿ ಉಷ್ಣತೆ ಸರ್ರನೆ ಇಳಿಯುವ ಪದರ. ಕೊಕಾನಿಗೆ ಹಿತವಾದ ಉಷ್ಣತೆ ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್. ಆದ್ದರಿಂದ ವಸಂತದಲ್ಲಿ, ನೀರೆಲ್ಲ ತಣ್ಣಗಿರುವಾಗ, ಅದು ಮೇಲಿನ ಹತ್ತಿಪ್ಪತ್ತು ಅಡಿಯಲ್ಲೇ ಸಿಗುತ್ತದೆ. ಜುಲೈ, ಆಗಸ್ಟ್ ಹೊತ್ತಿಗೆ 40ರಿಂದ 80 ಅಡಿ ಆಳಕ್ಕೆ ಇಳಿದಿರುತ್ತದೆ. ಬೆಳಕಿನ ಪರಿಣಾಮವೂ ಉಂಟು: ನಸುಕಿನಲ್ಲಿ ಮೇಲಿರುವ ಹಿಂಡು ಬಿಸಿಲೇರಿದಂತೆ ಕೆಳಗಿಳಿಯುತ್ತದೆ. ಹೀಗಾಗಿ ಅನುಭವಿಗಳು ಮೊದಲು ನೀರಿನ ಉಷ್ಣತೆ ನೋಡುತ್ತಾರೆ, ಶಬ್ದದ ಅಲೆಗಳಿಂದ ಮೀನಿನ ಹಿಂಡನ್ನು ತೋರಿಸುವ ಯಂತ್ರದ ಮೇಲೆ ಕಣ್ಣಿಡುತ್ತಾರೆ. ಆಳ ತಿಳಿಯದೆ ದಾರ ಬಿಡುವುದು ತೇವ ನೋಡದೆ ಬಿತ್ತಿದ ಹಾಗೆ.

ಗಾಳವನ್ನು ಬೇಕಾದ ಆಳಕ್ಕೆ ಇಳಿಸಲು ಎರಡು ಕ್ರಮಗಳಿವೆ:

1. ಡೌನ್‌ರಿಗ್ಗರ್: ದೋಣಿಯ ಅಂಚಿಗೆ ಕೂರಿಸಿದ ರಾಟೆಯಿಂದ ತಂತಿಯ ಮೂಲಕ ನಾಲ್ಕೈದು ಕಿಲೋ ತೂಕದ ಸೀಸದ ಗುಂಡನ್ನು ಇಳಿಬಿಡುತ್ತಾರೆ. ಎಷ್ಟು ಅಡಿ ಇಳಿಯಿತೆಂಬುದನ್ನು ರಾಟೆಯ ಎಣಿಕೆ ತೋರಿಸುತ್ತದೆ. ಗಾಳದ ದಾರವನ್ನು ಗುಂಡಿನ ಬಳಿ ಒಂದು ಚಿಮಟಿಗೆ ಸಿಕ್ಕಿಸಿರುತ್ತಾರೆ. ಮೀನು ಕಚ್ಚಿ ಜಗ್ಗಿದೊಡನೆ ದಾರ ಚಿಮಟಿಯಿಂದ ಕಳಚಿಕೊಳ್ಳುತ್ತದೆ. ಆಮೇಲೆ ಮೀನಿಗೂ ಹಿಡಿಯುವವನಿಗೂ ನಡುವೆ ಭಾರವಿರುವುದಿಲ್ಲ.

2. ಸೀಸದ ದಾರ: ಹೆಣೆದ ದಾರದ ಒಳಗೆ ಸೀಸದ ಎಳೆ ಇರುತ್ತದೆ. ಹತ್ತು ಗಜಕ್ಕೊಮ್ಮೆ ದಾರದ ಬಣ್ಣ ಬದಲಾಗುತ್ತದೆ. ನಿಧಾನವಾಗಿ ಎಳೆಯುವಾಗ ಒಂದು ಬಣ್ಣಕ್ಕೆ ಸುಮಾರು ಐದು ಅಡಿ ಆಳ ಎಂದು ಲೆಕ್ಕ. ಯಂತ್ರವಿಲ್ಲದವರು ಬಣ್ಣ ಎಣಿಸಿಯೇ ಆಳ ತಿಳಿಯುತ್ತಾರೆ.

ತಗಡು, ಬಣ್ಣ, ಮೆಕ್ಕೆಜೋಳ

ದಾರದ ತುದಿಯ ಬಳಿ ಡಾಡ್ಜರ್ ಎಂಬ ಹೊಳೆಯುವ ಲೋಹದ ತಗಡನ್ನು ಕಟ್ಟುತ್ತಾರೆ. ನೀರಿನಲ್ಲಿ ಎಳೆದಾಗ ಅದು ಅತ್ತಿತ್ತ ತೊನೆಯುತ್ತ ಮಿಂಚುತ್ತದೆ. ಅದರ ಹಿಂದೆ ಒಂದು ಗೇಣು, ಒಂದೂವರೆ ಗೇಣು ದೂರದಲ್ಲಿ ಗುಲಾಬಿ ಅಥವಾ ಕಿತ್ತಳೆ ಬಣ್ಣದ ಚಿಕ್ಕ ಕೃತಕ ಎರೆ. ತಗಡು ತೊನೆದಂತೆಲ್ಲ ಎರೆ ಜಿಗಿಯುತ್ತದೆ. ಅಂತರ ಕಡಿಮೆಯಾದಷ್ಟೂ ಜಿಗಿತ ಹೆಚ್ಚು.

ಗಾಳದ ಮೊನೆಗೆ ಒಂದೆರಡು ಮೆಕ್ಕೆಜೋಳದ ಕಾಳು ಚುಚ್ಚುವುದು ವಾಡಿಕೆ. ಬಿಳಿಯ ಸಣ್ಣ ಕಾಳಿನ ಜಾತಿಯೇ ಆಗಬೇಕು. ಅದಕ್ಕೆ ಬಣ್ಣ ಹಾಕಿ, ಬೆಳ್ಳುಳ್ಳಿಯದೋ ಮೀನೆಣ್ಣೆಯದೋ ವಾಸನೆ ಹಿಡಿಸುತ್ತಾರೆ. ನೀರುಚಿಗಟ ತಿನ್ನುವ ಮೀನಿಗೆ ಜೋಳದ ಕಾಳು ಏಕೆ ಎಂದರೆ ತೃಪ್ತಿಕರವಾದ ಉತ್ತರವಿಲ್ಲ. ಕಾಳಿದ್ದರೆ ಹೆಚ್ಚು ಕಚ್ಚುತ್ತದೆ ಎಂಬುದಷ್ಟೇ ಅವರ ಅನುಭವ. ಜೋಳವನ್ನು ಎರೆಯಾಗಿ ಬಳಸುವುದನ್ನು ಕೆಲವೆಡೆ ನಿಷೇಧಿಸಿದ್ದುಂಟು. ಹೀಗಾಗಿ ಆಯಾ ರಾಜ್ಯದ ನಿಯಮ ಓದಿಕೊಂಡೇ ದೋಣಿ ಇಳಿಸಬೇಕು.

ದೋಣಿಯ ವೇಗ ಗಂಟೆಗೆ ಒಂದರಿಂದ ಎರಡು ಮೈಲಿ. ಎತ್ತಿನ ನಡಿಗೆಗಿಂತ ಹೆಚ್ಚಲ್ಲ. ನೇರವಾಗಿ ಹೋಗದೆ ಹಾವಿನ ಹರಿದಾಟದಂತೆ ತಿರುಗಿಸುತ್ತ ಹೋಗುವುದು ಲೇಸು. ತಿರುವಿನಲ್ಲಿ ಹೊರಗಿನ ಗಾಳ ವೇಗ ಹಿಡಿಯುತ್ತದೆ, ಒಳಗಿನದು ನಿಧಾನವಾಗಿ ಕೆಳಗಿಳಿಯುತ್ತದೆ. ಹೊರಗಿನದಕ್ಕೆ ಮೀನು ಬಿದ್ದರೆ ವೇಗ ಸ್ವಲ್ಪ ಹೆಚ್ಚಿಸಬೇಕು. ಒಳಗಿನದಕ್ಕೆ ಬಿದ್ದರೆ ತಗ್ಗಿಸಬೇಕು.

ಕೊಕಾನಿಯ ಬಾಯಿ ಬಹಳ ಮೃದು. ಗಡುಸಾದ ಕೋಲಿನಿಂದ ಎಳೆದರೆ ಬಾಯಿ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ. ಬಾಗುವ ಕೋಲು ಬೇಕು, ದಾರದ ಬಿಗಿ ಸಡಿಲವಿರಬೇಕು, ದೋಣಿಯ ಬಳಿ ಬಂದೊಡನೆ ಕೈಬಲೆಯಿಂದ ಎತ್ತಬೇಕು. ಹಿಡಿದ ಮೀನನ್ನು ಕೂಡಲೇ ಸೀಳಿ ಶುಚಿಮಾಡಿ ಮಂಜುಗಡ್ಡೆಯಲ್ಲಿ ಇಡದಿದ್ದರೆ ಮಾಂಸ ಬೇಗ ಕೆಡುತ್ತದೆ. ಆಳದ ತಣ್ಣೀರಿನಿಂದ ಮೇಲಿನ ಬೆಚ್ಚನೆಯ ನೀರಿಗೆ ಎಳೆದು ತಂದ ಕೊಕಾನಿಯನ್ನು ಮರಳಿ ಬಿಟ್ಟರೂ ಬಹಳಷ್ಟು ಬದುಕುವುದಿಲ್ಲ. ಆದ್ದರಿಂದ ನಡುಬೇಸಿಗೆಯಲ್ಲಿ ಹಿಡಿದು ಹಿಡಿದು ಬಿಡುವುದಕ್ಕಿಂತ, ಮಿತಿಯಷ್ಟು ಹಿಡಿದು ಗಾಳ ಸುತ್ತಿಡುವುದೇ ಸರಿ.

ಮೀನು ತಿನ್ನುವ ಮೀನು

ಇದೇ ದೋಣಿಯ ಹಿಂದೆ ಟ್ರೌಟ್‌ಗಳೂ ಬೀಳುತ್ತವೆ. ರೇನ್‌ಬೋ ಟ್ರೌಟ್ ತಂಪು ಹೊತ್ತಿನಲ್ಲಿ ಮೇಲ್ಪದರದಲ್ಲಿ ಸಿಗುತ್ತದೆ. ಲೇಕ್ ಟ್ರೌಟ್ ಮಾತ್ರ ಬೇರೆ ಬಗೆಯದು. ಬೇಸಿಗೆಯಲ್ಲಿ ಆಳದ ತಳದಲ್ಲಿ ವಾಸ, ಹಲವು ದಶಕಗಳ ಆಯುಷ್ಯ, ದೊಡ್ಡದಾದಂತೆ ಮೀನೇ ಆಹಾರ. ಈ ಜಲಾಶಯದಲ್ಲಿ 1988ರಲ್ಲಿ ಹಿಡಿದ ಒಂದು ಲೇಕ್ ಟ್ರೌಟ್ 51 ಪೌಂಡ್ 8 ಔನ್ಸ್, ಅಂದರೆ 23 ಕಿಲೋಗೂ ಹೆಚ್ಚು ತೂಗಿತು. ಅಂಥ ಮೀನನ್ನು ಬಯಸಿ ಬರುವವರು ಬಹಳ ಮಂದಿ. ಆದರೆ ಅದು ಬೆಳೆಯುವುದು ಕೊಕಾನಿಯನ್ನು ತಿಂದು.

ಜಲಾಶಯದ ಲೆಕ್ಕ ಇರುವುದು ಇಲ್ಲಿಯೇ. ಲೇಕ್ ಟ್ರೌಟ್ ಮರಿಗಳು ಮಿತಿಮೀರಿದರೆ ಕೊಕಾನಿ ಕುಗ್ಗುತ್ತದೆ. ಕೊಕಾನಿ ಕುಗ್ಗಿದರೆ ದೊಡ್ಡ ಲೇಕ್ ಟ್ರೌಟ್‌ಗೂ ಆಹಾರವಿಲ್ಲ. ಕೊನೆಗೆ ಎರಡೂ ಬಡವಾಗುತ್ತವೆ. ಹೀಗಾಗಿ ಎರಡು ರಾಜ್ಯಗಳ ಮೀನುಗಾರಿಕೆ ಇಲಾಖೆಗಳೂ ಚಿಕ್ಕ ಲೇಕ್ ಟ್ರೌಟ್‌ಗಳನ್ನು ಧಾರಾಳವಾಗಿ ಹಿಡಿದು ತಿನ್ನಿರೆಂದು ಜನರನ್ನು ಪ್ರೋತ್ಸಾಹಿಸುತ್ತವೆ. 28 ಇಂಚಿಗಿಂತ ದೊಡ್ಡದನ್ನು ಹಿಡಿಯಲು ಬಿಗಿಯಾದ ಮಿತಿ, ಚಿಕ್ಕದಕ್ಕೆ ಸಡಿಲ ಮಿತಿ. ಕೊಕಾನಿ ಮೊಟ್ಟೆಯಿಡುವ ತಿಂಗಳುಗಳಲ್ಲಿ ಅದನ್ನು ಇಟ್ಟುಕೊಳ್ಳುವಂತಿಲ್ಲ. ಗಾಳ ಹಿಡಿದವನು ಇಲ್ಲಿ ಕೇವಲ ಬೇಟೆಗಾರನಲ್ಲ. ಸಾಲಿನಲ್ಲಿ ಹೆಚ್ಚಾದ ಸಸಿಯನ್ನು ಕೀಳುವ ರೈತನಂತೆ ಅವನೂ ಕೆಲಸ ಮಾಡುತ್ತಾನೆ.

ಈ ಲೆಕ್ಕವನ್ನು ಕೆಡಿಸಿದ ಇನ್ನೊಂದು ಮೀನು ಬರ್ಬಟ್. ಯಾರೋ ಕಾನೂನುಬಾಹಿರವಾಗಿ ಮೇಲಿನ ನೀರಿಗೆ ತಂದು ಬಿಟ್ಟದ್ದು ಹರಡಿ 2006ರಲ್ಲಿ ಫ್ಲೇಮಿಂಗ್ ಗಾರ್ಜ್‌ನಲ್ಲಿ ಕಾಣಿಸಿಕೊಂಡಿತು. ಇದೂ ಮೀನುಬಾಕ ಮೀನೇ. ಬರ್ಬಟ್ ಸಿಕ್ಕರೆ ಜೀವಸಹಿತ ಮರಳಿ ಬಿಡಕೂಡದು ಎಂಬ ನಿಯಮವನ್ನೇ ಮಾಡಬೇಕಾಯಿತು. ಯಾರೋ ಕೆಲವರು ಮಾಡಿದ ಕೆಲಸ. ಅದರ ಹೊರೆ ಈಗ ಎರಡು ರಾಜ್ಯಗಳ ಮೇಲೆ.

ಒಳ್ಳೆಯದೆಂದು ಮಾಡಿದ್ದು

ಬಿಡುವವರು ತಿಳಿದವರೇ ಆಗಿದ್ದರೂ ಎಡವಟ್ಟಾಗಬಹುದು. ಫ್ಲೇಮಿಂಗ್ ಗಾರ್ಜ್‌ನಿಂದ ಉತ್ತರಕ್ಕೆ, ಮೊಂಟಾನಾ ರಾಜ್ಯದ ಫ್ಲಾಟ್‌ಹೆಡ್ ಸರೋವರದ ಕಥೆ ಇದಕ್ಕೆ ಸಾಕ್ಷಿ. ಅಲ್ಲಿ 1916ರಲ್ಲೇ ಕೊಕಾನಿಯನ್ನು ತಂದು ಬಿಟ್ಟಿದ್ದರು. ಮೀನಿಗೆ ಮೇವು ಹೆಚ್ಚಲಿ ಎಂದು ಮೇಲ್ಭಾಗದ ಸರೋವರಗಳಿಗೆ 1968ರಿಂದ 1975ರವರೆಗೆ ಮೈಸಿಸ್ ಎಂಬ ಪುಟ್ಟ ಸೀಗಡಿಯನ್ನು ಬಿಡಲಾಯಿತು. ಅದು ಹೊಳೆಯಲ್ಲಿ ತೇಲಿ 1981ರಲ್ಲಿ ಫ್ಲಾಟ್‌ಹೆಡ್‌ನಲ್ಲಿ ಕಾಣಿಸಿತು.

ಮೈಸಿಸ್ ಹಗಲು ತಳದಲ್ಲಿ ಅಡಗಿದ್ದು ರಾತ್ರಿ ಮೇಲೆ ಬರುತ್ತದೆ. ಕೊಕಾನಿ ಮೇಯುವುದು ಹಗಲು, ಮೇಲಿನ ನೀರಿನಲ್ಲಿ. ಎರಡಕ್ಕೂ ಭೇಟಿಯೇ ಇಲ್ಲ! ಮೇವಾಗಬೇಕಾದ ಸೀಗಡಿಯೇ ಕೊಕಾನಿಯ ಮೇವಾದ ನೀರುಚಿಗಟಗಳನ್ನು ತಿಂದು ಮುಗಿಸಿತು. ತಳದಲ್ಲಿದ್ದ ಲೇಕ್ ಟ್ರೌಟ್ ಮಾತ್ರ ಸೀಗಡಿ ತಿಂದು ಹೆಚ್ಚಿ, ಉಳಿದ ಕೊಕಾನಿಯನ್ನೂ ತಿಂದಿತು. 1980ರ ದಶಕದ ಕೊನೆಗೆ ಕೊಕಾನಿ ಹೇಳಹೆಸರಿಲ್ಲದಾಯಿತು. ಮೊಟ್ಟೆಯಿಡಲು ಬರುವ ಕೊಕಾನಿಯನ್ನು ನಂಬಿ ಮ್ಯಾಕ್‌ಡೊನಾಲ್ಡ್ ಕ್ರೀಕ್ ತೊರೆಗೆ 1981ರಲ್ಲಿ 600ಕ್ಕೂ ಹೆಚ್ಚು ಬೋಳುತಲೆ ಹದ್ದುಗಳು ಬಂದಿದ್ದವು. 1989ರಲ್ಲಿ ಎಣಿಕೆಗೆ ಸಿಕ್ಕವು 25. ನೀರಿಗೆ ಬಿಟ್ಟದ್ದು ಬೆರಳುದ್ದವೂ ಇಲ್ಲದ ಸೀಗಡಿ. ಖಾಲಿಯಾದದ್ದು ಹದ್ದುಗಳು ಬಂದು ಸೇರುತ್ತಿದ್ದ ತೊರೆಯ ದಡ.

ನೀರಿನ ಮಟ್ಟವೂ ಮುಖ್ಯ

ಜಲಾಶಯದ ಮೀನಿಗೆ ಇನ್ನೊಬ್ಬ ಯಜಮಾನನಿದ್ದಾನೆ: ನೀರು ಬಿಡುವವನು. ಕೊಲರಾಡೊ ಕಣಿವೆಯಲ್ಲಿ ಬರ ಬಂದು ಕೆಳಗಿನ ಪೊವೆಲ್ ಜಲಾಶಯ ಅಪಾಯದ ಮಟ್ಟಕ್ಕೆ ಇಳಿದಾಗ, ಫ್ಲೇಮಿಂಗ್ ಗಾರ್ಜ್‌ನಿಂದ ಒಂದು ವರ್ಷದ ಅವಧಿಯಲ್ಲಿ ಹೆಚ್ಚುವರಿಯಾಗಿ ಸುಮಾರು 5 ಲಕ್ಷ ಎಕರೆ-ಅಡಿ, ಅಂದರೆ 22 ಟಿ.ಎಂ.ಸಿ.ಯಷ್ಟು ನೀರು ಬಿಡುವ ಯೋಜನೆಯನ್ನು 2022ರಲ್ಲಿ ಪ್ರಕಟಿಸಲಾಯಿತು. ದಡದ ಗರಸಿನಲ್ಲಿ ಇಟ್ಟ ಮೊಟ್ಟೆಗಳು ಮಟ್ಟ ಇಳಿದರೆ ಒಣಗುತ್ತವೆ. ದೋಣಿ ಇಳಿಸುವ ಜಾರುಹಾದಿಗಳು ನೀರಿನಿಂದ ದೂರವಾಗುತ್ತವೆ. ಕುಡಿಯುವ ನೀರು, ಬೆಳೆ, ವಿದ್ಯುತ್ತು ಇವುಗಳ ಸರದಿಯಲ್ಲಿ ಮೀನು ಅಲ್ಲಿಯೂ ಕೊನೆಯದೇ.

ನಾವು ಮಾಡಬೇಕಾದದ್ದು

ಕೊಕಾನಿ ನಮ್ಮ ಬಿಸಿ ನೀರಿಗೆ ಬರುವ ಮೀನಲ್ಲ, ಬರಬೇಕಾಗಿಯೂ ಇಲ್ಲ. ಆದರೆ ತಂದು ಬಿಡುವ ಮೊದಲು ಲೆಕ್ಕ ಹಾಕಬೇಕೆಂಬ ಮಾತು ನಮಗೂ ಸಲ್ಲುತ್ತದೆ. ಕಾವೇರಿಯಲ್ಲಿ 1970ರ ದಶಕದಿಂದೀಚೆಗೆ ಹೊರಗಿನಿಂದ ತಂದ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಬಿಡಲಾಯಿತು. ಕಾವೇರಿಯದೇ ಆದ ಗೂನುಬೆನ್ನಿನ ಮಹಸೀರ್ ಇಂದು ಅಳಿವಿನ ಅಂಚಿಗೆ ಬಂದಿರುವುದಕ್ಕೆ ಅಣೆಕಟ್ಟು, ಸಿಡಿಮದ್ದಿನ ಬೇಟೆಗಳ ಜೊತೆಗೆ ಇದೂ ಒಂದು ಕಾರಣವೆಂದು ತಜ್ಞರು ಎಣಿಸಿದ್ದಾರೆ. 2018ರಲ್ಲಿ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು.

ಮೀನು ಸಾಕುವ ರೈತ ಬಾಂಧವರು ಈ ಕೆಲವು ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು:

* ಕೃಷಿಹೊಂಡಕ್ಕಾಗಲಿ ಕೆರೆಗಾಗಲಿ ಮೀನುಗಾರಿಕೆ ಇಲಾಖೆ ಶಿಫಾರಸು ಮಾಡಿದ ಜಾತಿಯ ಮರಿಗಳನ್ನೇ ಬಿಡಿ. ಮರಿ ಎಲ್ಲಿಂದ ಬಂದದ್ದೆಂದು ವಿಚಾರಿಸಿ.

* ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ನಮ್ಮ ದೇಶದಲ್ಲಿ ನಿಷಿದ್ಧ. ಬೇಗ ಬೆಳೆಯುತ್ತದೆಂಬ ಆಸೆಗೆ ಬಿದ್ದು ಅದನ್ನು ತರಬೇಡಿ. ಮಳೆಗಾಲದಲ್ಲಿ ಹೊಂಡ ಕೋಡಿ ಹರಿದರೆ ಅದು ಹಳ್ಳ ಸೇರುತ್ತದೆ.

* ಹೊಂಡದ ಕೋಡಿಗೂ ತೂಬಿಗೂ ಸಣ್ಣ ಕಣ್ಣಿನ ಜಾಲರಿ ಹಾಕಿ.

* ಮನೆಯ ಗಾಜಿನ ತೊಟ್ಟಿಯ ಅಲಂಕಾರದ ಮೀನು ಬೇಡವಾದಾಗ ಪುಣ್ಯವೆಂದು ಕೆರೆಗೆ ಬಿಡಬಾರದು.

* ಮೊಟ್ಟೆ ತುಂಬಿದ ಮೀನು ಮಳೆಗಾಲದ ಮೊದಲ ನೀರಿಗೆ ಹಳ್ಳ ಏರುವಾಗ ಅದನ್ನು ಹಿಡಿಯದಿರುವುದು ಬಿತ್ತನೆಯ ಬೀಜ ಉಳಿಸಿದಂತೆ.

ಹೊಲಕ್ಕೆ ತಪ್ಪು ಬೀಜ ಬಿದ್ದರೆ ಮುಂದಿನ ಹಂಗಾಮಿಗೆ ಉತ್ತು ಸರಿಪಡಿಸಬಹುದು. ನೀರಿಗೆ ಬಿದ್ದದ್ದನ್ನು ಉತ್ತು ತೆಗೆಯಲು ಬರುವುದಿಲ್ಲ. ಹೊಸ ಜಾತಿಯ ಮರಿ ತರುವ ಮುನ್ನ ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಒಂದು ಮಾತು ಕೇಳಿ ಮುಂದುವರಿಯಿರಿ.